ಮೂರು ಗಂಟೆ ಕುದಿದ ಹಲಗೆ

ನನ್ನ ಸಹಿ ಇದ್ದ ಹಾಳೆಯನ್ನು ಹಿಡಿದೇ ನನ್ನಪ್ಪನನ್ನು ಅಪರಾಧಿ ಮಾಡಿದರು.

ಹಾಳೆಯಲ್ಲಿ ಹೀಗೆ ಬರೆದಿತ್ತು. ಹೊರಗೋಡೆಗೆ ಬಳಸುವ ಮರದ ಹಲಗೆ. ದಪ್ಪ ಎಂಟು ಮಿಲಿಮೀಟರ್. ಕುದಿಯುವ ನೀರಿನಲ್ಲಿ ಎಪ್ಪತ್ತೆರಡು ಗಂಟೆ. ಪದರ ಬಿಟ್ಟಿಲ್ಲ. ಉಬ್ಬಿಲ್ಲ. ಪಾಸು. ಪರೀಕ್ಷಿಸಿದವರು: ಬಿ. ರಂಜಿನಿ, ಬಿ.ಎಸ್ಸಿ.

ಬಿ. ಅಂದರೆ ಬೆಟ್ಟಯ್ಯ. ನನ್ನಪ್ಪ. ಅದೇ ಹಲಗೆಗಳನ್ನು ಕೆಂಗೇರಿ ಉಪನಗರದ ಹಂಸಧ್ವನಿ ಅಪಾರ್ಟ್‌ಮೆಂಟಿನ ಮುಂಗೋಡೆಗೆ ಕೂರಿಸಿದವನು.

ಈ ಹಲಗೆ ಮರವಲ್ಲ. ಮರದ ನಾರಿಗೆ ಅಂಟು ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಮೇಲೆ ತೇಗದ ಚಿತ್ರದ ಹಾಳೆ ಅಂಟಿಸಿದ್ದು. ಇದರ ಜೀವ ಅಂಟಿನಲ್ಲಿದೆ. ಯೂರಿಯಾ ಅಂಟು ಮನೆಯ ಒಳಗಿನ ಬೀರುವಿಗೆ. ಅದು ಅಗ್ಗ. ನೀರು ತಾಗಿದರೆ ಬಿಡುತ್ತದೆ. ಫಿನಾಲ್ ಅಂಟು ಹೊರಗೋಡೆಗೆ. ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಯೂರಿಯಾ ಹಲಗೆಯನ್ನು ಕತ್ತರಿಸಿದರೆ ತಿರುಳು ಬಿಳುಚು. ಫಿನಾಲ್ ಹಲಗೆಯದು ಕಡುಗಂದು. ಅದು ಹೆಚ್ಚು ತೂಕವೂ ಹೌದು. ಇಷ್ಟು ನನಗೆ ಗೊತ್ತಿತ್ತು. ಕುಂಬಳಗೋಡಿನ ವಜ್ರಪದರ ಪ್ಯಾನೆಲ್ಸ್‌ನ ಲ್ಯಾಬಿನಲ್ಲಿ ಮೂರು ವರ್ಷದಿಂದ ನಾನು ಮಾಡುತ್ತಿದ್ದ ಕೆಲಸವೇ ಅದು.

ಅಪ್ಪ ನಾಲ್ಕು ತಿಂಗಳು ಆ ಗೋಡೆಗೆ ನೇತುಬಿದ್ದಿದ್ದ. ಜೂಲಾದ ಮೇಲೆ, ಅಂದರೆ ಹಗ್ಗದ ತೂಗುಮಣೆಯ ಮೇಲೆ ಕೂತು, ನಾಲ್ಕನೇ ಮಹಡಿಯ ಎತ್ತರದಲ್ಲಿ, ಮೊಣಕಾಲಿನಿಂದ ಹಲಗೆಯ ಶೀಟನ್ನು ಗೋಡೆಗೆ ಒತ್ತಿ ಹಿಡಿದು ಡ್ರಿಲ್ ಮಾಡಬೇಕು. ಸಂಜೆ ಮನೆಗೆ ಬಂದರೆ ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ಅಮ್ಮ ಹರಳೆಣ್ಣೆ ಬಿಸಿಮಾಡಿ ತಿಕ್ಕುತ್ತಿದ್ದಳು. ಅಪಾರ್ಟ್‌ಮೆಂಟಿನ ಮುಂದಿನ ಗೇಟಿನಲ್ಲಿ ಅವನು ಹೋಗುವಂತಿರಲಿಲ್ಲ. ಹಿಂದೆ, ಕಸದ ಡಬ್ಬಗಳ ಪಕ್ಕದಲ್ಲಿ, ಒಂದು ಚಿಕ್ಕ ಕಬ್ಬಿಣದ ಗೇಟು. 'ಕೆಲಸದವರಿಗೆ ಮಾತ್ರ' ಎಂದು ಬೋರ್ಡು. ಗೇಟಿನ ಮೇಲ್ಪಟ್ಟಿ ಅಪ್ಪನ ಗಂಟಲಿನ ಎತ್ತರಕ್ಕಿತ್ತು. ಮೊದಲ ದಿನ ಹೆಗಲ ಮೇಲೆ ಸಾಮಾನಿನ ಚೀಲ ಹೊತ್ತು, ತಲೆ ಬಗ್ಗಿಸಿ ನುಗ್ಗಿದ್ದ. ಬಗ್ಗಿಸಿದ್ದು ಸಾಲಲಿಲ್ಲ. ಹಣೆ ಒಡೆಯಿತು. ಹೊಲಿಗೆಯ ಗುರುತು ಈಗಲೂ ಇದೆ. ಒಳಗೆ ಶೌಚಾಲಯ ಬಳಸುವಂತಿರಲಿಲ್ಲ. ಕುಡಿಯಲು ಗಿಡಕ್ಕೆ ಬಿಡುವ ಪೈಪಿನ ನೀರು. ಯಾರೋ ಹೆಂಗಸು ಕೇಳಿದ್ದಳಂತೆ, "ಯಾವ ಕಡೆಯವರಪ್ಪ ನೀವು?" ಅಪ್ಪ ಕೇರಿಯ ಹೆಸರು ಹೇಳಿದ. ಮರುದಿನದಿಂದ ಅವಳು ಕೊಡುತ್ತಿದ್ದ ಟೀ ನಿಂತಿತು.

ಆ ದಿನಗಳಲ್ಲೇ ಒಂದು ಸಂಜೆ ಅಪ್ಪ ಹೇಳಿದ್ದ, "ಈ ಸಲದ ಶೀಟು ಹಗುರ ಕಣವ್ವ. ಭುಜಕ್ಕೆ ಸುಖ."

ನಾನು ರಸಾಯನಶಾಸ್ತ್ರ ಓದಿದವಳು. ಸಾಂದ್ರತೆ ಎಂದರೇನು ಎಂದು ನನಗೆ ಗೊತ್ತು. ಹಗುರ ಯಾಕೆ ಎಂದು ನಾನು ಕೇಳಲಿಲ್ಲ. ಅಪ್ಪನ ಭುಜಕ್ಕೆ ಸುಖ ಸಿಕ್ಕಿತಲ್ಲ ಎಂದುಕೊಂಡೆ.

ಎರಡು ಮಳೆಗಾಲ ಕಳೆದವು. ಮೂರನೆಯದರ ಜೂನ್‌ನಲ್ಲಿ, ಒಂದು ಮಧ್ಯಾಹ್ನ, ಆರನೇ ಸಾಲಿನ ಒಂದು ಶೀಟು ಕಳಚಿ ಬಿತ್ತು. ಕೆಳಗೆ ವಾಚ್‌ಮನ್ ಮುನಿಯಣ್ಣ ಅಸೋಸಿಯೇಷನ್ ಅಧ್ಯಕ್ಷ ಮಧ್ವೇಶ್ ಅವರ ಕಾರಿಗೆ ಗೇಟು ತೆಗೆಯುತ್ತಿದ್ದ. ಅವನ ಎಡಭುಜ ಮುರಿಯಿತು. ಕಾರಿನ ಗಾಜೂ ಒಡೆಯಿತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಫೋಟೋ ಗಾಜಿನದು.

ಆ ಭಾನುವಾರ ನಮ್ಮ ಕಂಪನಿಯ ಮಾಲೀಕ ವೆಂಕಟಗಿರಿ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. "ಫೈಲ್ ತಗೋ. ರಿಪೋರ್ಟ್ ಓದು. ಜಾಸ್ತಿ ಮಾತಾಡ್ಬೇಡ," ಎಂದರು. ಮುಂದಿನ ಗೇಟಿನಿಂದಲೇ ಹೋದೆವು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಮೂವತ್ತು ಜನ ಇದ್ದರು. ಅವರ ಎದುರು, ಬಿಸಿಲಿನಲ್ಲಿ, ಒಬ್ಬನೇ ನಿಂತವನು ಅಪ್ಪ.

ಅವನನ್ನು ಕರೆಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅವನು ಮನೆಯಲ್ಲಿ ಹೇಳಿರಲಿಲ್ಲ. ನಾನು ಅವನ ಮಗಳೆಂದು ವೆಂಕಟಗಿರಿಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದ್ದರು. ಬಿಸಿನೆಸ್ ಎಂದಿದ್ದೆ.

ಅಪ್ಪ ನನ್ನನ್ನು ನೋಡಿದ. ಕಣ್ಣು ಕೆಳಗೆ ಹಾಕಿದ. ಯಾರೋ ಅಪರಿಚಿತಳು ಬಂದಂತೆ ನಿಂತ.

"ನಮ್ಮ ಕೆಮಿಸ್ಟ್ ಇವರು," ಎಂದರು ವೆಂಕಟಗಿರಿ. "ಓದಮ್ಮ."

ಓದಿದೆ. ಎಪ್ಪತ್ತೆರಡು ಗಂಟೆ. ಪದರ ಬಿಟ್ಟಿಲ್ಲ. ಉಬ್ಬಿಲ್ಲ. ಪಾಸು. ನನ್ನ ದನಿ ನಡುಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಎರಡನೇ ಸಾಲಿನಲ್ಲಿ ಕೂತಿದ್ದ ಪ್ರಭಾ ಮೇಡಂ, ನಿವೃತ್ತ ವಿಜ್ಞಾನ ಟೀಚರ್, ಕೈ ಎತ್ತಿದರು. "ಪರೀಕ್ಷೆಗೆ ತುಂಡು ಆರಿಸಿದ್ದು ಯಾರು? ನೀವೇನಾ?"

ನಾನು ಬಾಯಿ ತೆರೆಯುವ ಮೊದಲೇ ವೆಂಕಟಗಿರಿ ನಕ್ಕರು. "ಮೇಡಂ, ಎಲ್ಲಾ ಪ್ರೊಸೀಜರ್ ಪ್ರಕಾರನೇ."

ಮಧ್ವೇಶ್ ಅಪ್ಪನ ಕಡೆ ತಿರುಗಿದರು. "ಕೇಳಿಸ್ತೇನಯ್ಯ? ಮಾಲು ಸರಿ ಇದೆ. ಅಂದ್ರೆ ನೀನು ಹೊಡೆದಿದ್ದು ಸರಿ ಇಲ್ಲ."

"ಸಾರ್, ಸ್ಕ್ರೂ ಗೋಡೇಲೇ ಇದೆ. ಶೀಟೇ ಸ್ಕ್ರೂ ಬಿಟ್ಕೊಂಡು ಬಂದೈತೆ. ಬೇಕಾದ್ರೆ ನೋಡಿ."

"ನಮಗೆ ಪಾಠ ಹೇಳ್ತೀಯಾ? ನಿಮ್ಮ ಜನಕ್ಕೆ ಇದೇ ಆಯ್ತು. ಮಾಡೋದು ಹೊಲಸು, ಆಮೇಲೆ ವಾದ."

ಬಿದ್ದ ಶೀಟನ್ನು ಅಪ್ಪನ ಕೈಗೆ ಕೊಟ್ಟರು. "ಎದೆಗೆ ಹಿಡ್ಕೊಂಡು ನಿಂತ್ಕೋ. ಫೋಟೋ ಬೇಕು, ಕಂಪ್ಲೇಂಟ್‌ಗೆ." ಅಪ್ಪ ಹಿಡಿದುಕೊಂಡ. ಠಾಣೆಯಲ್ಲಿ ಹೆಸರಿನ ಸ್ಲೇಟು ಹಿಡಿಸುತ್ತಾರಲ್ಲ, ಹಾಗೆ. "ಇನ್ನೂ ಮೇಲೆ," ಎಂದರು. ಮೇಲೆ ಎತ್ತಿದ. ಆರೇಳು ಫೋನುಗಳು ಅವನ ಮುಖದ ಎದುರು ಬಂದವು. ಒಬ್ಬ ಹುಡುಗಿ ನಕ್ಕಳು. ಆಮೇಲೆ ಟೈಪು ಮಾಡಿ ತಂದಿದ್ದ ಕಾಗದಕ್ಕೆ ಸಹಿ ಹಾಕಿಸಿದರು. ನನ್ನ ಬೇಜವಾಬ್ದಾರಿಯಿಂದ ಶೀಟು ಬಿದ್ದು ಮುನಿಯಣ್ಣನವರ ಭುಜ ಮುರಿದಿದೆ, ಇದಕ್ಕೆ ನಾನೇ ಹೊಣೆ. ನಾಳೆ ಬಿಟ್ಟು ಮುಂದಿನ ಸೋಮವಾರ ಪೊಲೀಸಿಗೆ ದೂರು, ಅಷ್ಟರೊಳಗೆ ಊರು ಬಿಡಬೇಡ ಎಂದರು.

ಅಪ್ಪ ಹಿಂದಿನ ಗೇಟಿನಿಂದ ಹೋದ. ನಾನು ಕಾರಿನಲ್ಲಿ ಹೋದೆ.

ಲಗ್ಗೆರೆಯ ನಮ್ಮ ಮನೆಗೆ ನಾನು ತಲುಪಿದಾಗ ಅಪ್ಪ ಹೊಸಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಇವಳು ನನ್ನ ಮಗಳು ಅಂತ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನ್ಯಾಕೆ ಹೇಳ್ಲಿಲ್ಲ?"

ಅಪ್ಪ ಬೀಡಿಯ ಬೂದಿ ಕೊಡವಿದ. ಅವನೇ ಮುಂದುವರಿಸಿದ. "ಹೇಳಿದ್ರೆ ನಿನ್ ಕೆಲಸಾನೂ ಹೋಗ್ತಿತ್ತು. ಒಂದು ಮನೇಲಿ ಒಬ್ರು ಬಿದ್ರೆ ಸಾಕು."

ಅಮ್ಮ ಒಳಗಿನಿಂದ ಕೂಗಿದಳು. ಶಿವಕ್ಕ ಅವಳ ಹೆಸರು. ಬೀದಿಗೇ ಕೇಳುವ ಗಂಟಲು. "ಅಪ್ಪನ್ ಮುಂದೆ ನಿಂತು ಅಪ್ಪನ್ ತಪ್ಪು ಓದಿದ್ಯಲ್ಲೇ! ಇದಕ್ಕೇನೇ ನಿನ್ನ ಓದ್ಸಿದ್ದು? ಹೋಗು, ಮುಖ ತೊಳ್ಕೋ!"

ಬಚ್ಚಲಿಗೆ ಹೋದೆ. ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿದೆ. ಗೋಡೆ ಮೆತ್ತಗಿತ್ತು.

ನಮ್ಮ ಬಚ್ಚಲಿನ ಗೋಡೆ ಹಂಸಧ್ವನಿಯ ಶೀಟಿನ ತುಂಡುಗಳದ್ದು. ಕಿಟಕಿಯ ಪಕ್ಕ ಬರುವ ಕಡೆ ಪೂರ್ತಿ ಶೀಟು ಬೇಕಿಲ್ಲ. ಅರ್ಧ ಗೋಡೆಗೆ ಹೋಗುತ್ತದೆ, ಅರ್ಧ ಉಳಿಯುತ್ತದೆ. ಉಳಿದದ್ದನ್ನು ಅಪ್ಪ ಕೇಳಿ ತಂದು ಇಲ್ಲಿ ಹೊಡೆದಿದ್ದ. ಒಂದೇ ವರ್ಷದಲ್ಲಿ ಅವು ಉಬ್ಬಿದವು. ತೇಗದ ಹಾಳೆ ಸುರುಳಿ ಸುತ್ತಿಕೊಂಡಿತು. ಅಮ್ಮ ಬೈದಾಗ ಅಪ್ಪ ಹೇಳಿದ್ದು ನನಗೆ ನೆನಪಿದೆ: "ವೇಸ್ಟ್ ಪೀಸು ಕಣೇ. ನಮಗೆ ಬರೋದು ಹಂಗೇ ಇರೋದು." ಅಮ್ಮ ಒಪ್ಪಿದಳು. ನಾನೂ ಒಪ್ಪಿದೆ. ನಮ್ಮ ಮನೆಗೆ ಬರುವ ಅಕ್ಕಿಯಲ್ಲಿ ಕಲ್ಲಿರುತ್ತದೆ, ನಲ್ಲಿಯಲ್ಲಿ ಕೆಸರಿರುತ್ತದೆ, ಹಲಗೆ ಕೊಳೆಯುತ್ತದೆ. ಅದರಲ್ಲಿ ನಾವು ಮೂವರೂ ವಿಶೇಷ ಏನೂ ಕಂಡಿರಲಿಲ್ಲ.

ಸಡಿಲವಾಗಿದ್ದ ಒಂದು ತುಂಡನ್ನು ಎಳೆದು ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲ್ ಬರಹ. ಮುಂ-6-9.

ಅಪ್ಪನಿಗೆ ಒಂದು ಅಭ್ಯಾಸ. ಶೀಟನ್ನು ಕತ್ತರಿಸುವ ಮೊದಲು ಎರಡೂ ಭಾಗದ ಹಿಂದೆ ಒಂದೇ ನಂಬರು ಬರೆಯುತ್ತಾನೆ. ಯಾವ ಗೋಡೆ, ಯಾವ ಸಾಲು, ಎಷ್ಟನೆಯದು. ಬಿದ್ದ ಶೀಟನ್ನು ಅವನು ಎದೆಗೆ ಹಿಡಿದಿದ್ದಾಗ, ಅದರ ಹಿಂಬದಿ ನಮ್ಮ ಕಡೆಗಿತ್ತು. ಅದರ ಮೇಲೆ ನಾನು ಓದಿದ್ದೂ ಅದೇ. ಮುಂ-6-9.

ಒಂದೇ ಶೀಟು. ಅರ್ಧ ಅವರ ಗೋಡೆಯಲ್ಲಿ, ಅರ್ಧ ನಮ್ಮ ಬಚ್ಚಲಿನಲ್ಲಿ. ನಮಗೆ ಬಂದದ್ದು ವೇಸ್ಟ್ ಆಗಿದ್ದರೆ ಅವರಿಗೆ ಬಂದದ್ದೂ ವೇಸ್ಟೇ.

ತುಂಡಿನ ಅಂಚನ್ನು ಉಗುರಿನಿಂದ ಕೆರೆದೆ. ಮೇಲೆ ಕಡುಗಂದು ಬಣ್ಣ ಇತ್ತು. ಒದ್ದೆ ಬೆರಳಿಗೆ ಆ ಬಣ್ಣ ಹತ್ತಿತು. ಫಿನಾಲ್‌ನ ಕಂದು ಹೀಗೆ ಹತ್ತುವುದಿಲ್ಲ. ಇದು ಯೂರಿಯಾ ಹಲಗೆಗೆ ಹಾಕಿದ ಬಣ್ಣ.

ಹಾಗಾದರೆ ನನ್ನ ಲ್ಯಾಬಿನಲ್ಲಿ ಕುದಿದದ್ದು ಏನು? ನೆನಪು ಮಾಡಿಕೊಂಡೆ. ಪ್ರತಿ ಸಲವೂ ಸ್ಯಾಂಪಲ್ ವೆಂಕಟಗಿರಿಯ ಕೈಯಿಂದಲೇ ಬರುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ, ನಂಬರು ಹಚ್ಚಿ. ಗೋಡೌನಿಗೆ ಹೋಗಿ ನಾನೇ ಆರಿಸುತ್ತೇನೆ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಗಂಡಸರು ಇರ್ತಾರಮ್ಮ. ಕೊಟ್ಟಿದ್ದು ಮಾಡು," ಎಂದಿದ್ದರು. ಪರೀಕ್ಷೆ ಮಾಡುವವರೇ ಸ್ಯಾಂಪಲ್ ಆರಿಸಬೇಕು. ಮೊದಲ ವರ್ಷದ ಪಾಠ ಅದು. ನಾನು ಸಹಿ ಹಾಕಿದೆ. ಹದಿನೆಂಟು ಹಾಳೆಗಳಿಗೆ.

ಮರುದಿನ ಅಡುಗೆಮನೆಯ ಕಿಟಕಿ ತೆಗೆದು, ಅಂಗೈಯಗಲದ ತುಂಡೊಂದನ್ನು ಕುದಿಸಿದೆ. ಎರಡೂವರೆ ಗಂಟೆಗೆ ಅದು ನೆನೆದ ಪುಸ್ತಕದಂತೆ ಬಿಚ್ಚಿಕೊಂಡಿತು. ಅಮ್ಮ ಕೆಮ್ಮುತ್ತಾ ಬಂದು ಪಾತ್ರೆಗೆ ಇಣುಕಿದಳು.

"ಇದೇನೇ ಇದು?"

"ಅಪ್ಪನ ತಪ್ಪಲ್ಲ ಅನ್ನೋದಕ್ಕೆ ಸಾಕ್ಷಿ."

ಅವಳು ಅಟ್ಟದಿಂದ ದೊಡ್ಡ ಮುದ್ದೆ ಪಾತ್ರೆಯನ್ನು ಇಳಿಸಿದಳು. "ಆ ನನ್ ಮಕ್ಕಳ ಎದುರಿಗೇ ಕುದಿಸು."

ಪ್ರಭಾ ಮೇಡಂಗೆ ಫೋನ್ ಮಾಡಿದೆ. ಮೊದಲು ನನ್ನ ಸುಳ್ಳನ್ನು ಒಪ್ಪಿಕೊಂಡೆ. ಆಮೇಲೆ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಟ್ಟೆ. "ಭಾನುವಾರ ಹತ್ತು ಗಂಟೆಗೆ ಮೀಟಿಂಗ್ ಇದೆ. ವೆಂಕಟಗಿರಿನೂ ಬರ್ತಾರೆ. ಒಲೆ ತಗೊಂಡ್ ಬಾ," ಎಂದರು.

ಭಾನುವಾರ ಅಪ್ಪ, ಅಮ್ಮ, ನಾನು ಹೋದೆವು. ಅಪ್ಪನ ಕಾಲು ರೂಢಿಯಂತೆ ಹಿಂದಿನ ಗೇಟಿನ ಕಡೆ ತಿರುಗಿತು. ಮುಂದಿನ ಗೇಟಿನಲ್ಲಿ ಮುನಿಯಣ್ಣ ನಿಂತಿದ್ದ. ಎಡಗೈಯನ್ನು ಕೊರಳಿಗೆ ಕಟ್ಟಿತ್ತು. ಭುಜ ಮುರಿದವನಿಗೆ ಒಂದು ವಾರದ ರಜೆಯನ್ನೂ ಕೊಟ್ಟಿರಲಿಲ್ಲ. ಬಲಗೈಯಿಂದ ಗೇಟು ತೆಗೆದ.

"ಇಲ್ಲಿಂದ ಬಾ ಬೆಟ್ಟಣ್ಣ."

"ಬೈತಾರೆ ಕಣೋ."

"ಬೈಲಿ. ಮುರಿಯೋಕೆ ಇನ್ನೊಂದು ಭುಜ ಐತೆ."

ಅಂಗಳದ ನಡುವೆ ಗ್ಯಾಸ್ ಒಲೆ ಇಟ್ಟೆ. ಮಧ್ವೇಶ್ ಎದ್ದು ನಿಂತರು. "ಏನ್ರೀ ಇದು? ಇಲ್ಲಿ ಅಡುಗೆ ಮಾಡೋಕೆ ಬಂದಿದೀರಾ?"

"ಹೌದು ಸಾರ್. ನಿಮ್ಮ ಗೋಡೆ ಬೇಯಿಸೋಕೆ," ಎಂದಳು ಅಮ್ಮ.

ಪ್ರಭಾ ಮೇಡಂ ಕುರ್ಚಿ ಎಳೆದುಕೊಂಡು ಒಲೆಯ ಪಕ್ಕ ಕೂತರು. ಆಮೇಲೆ ಯಾರೂ ತಡೆಯಲಿಲ್ಲ.

ಮೂರು ತುಂಡು. ಕುದಿಯುವ ನೀರಿನಲ್ಲಿ ಶಾಯಿ ನಿಲ್ಲುವುದಿಲ್ಲ, ಅದಕ್ಕೆ ಅಂಚಿನಲ್ಲಿ ಕಚ್ಚು ಹಾಕಿದೆವು. ಒಂದು ಕಚ್ಚಿನದು ನನ್ನ ಲ್ಯಾಬಿನ ಸ್ಯಾಂಪಲ್, ಆಗಲೇ ಎಪ್ಪತ್ತೆರಡು ಗಂಟೆ ಕುದಿದು ಗೆದ್ದದ್ದು. ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೆ. ಎರಡು ಕಚ್ಚಿನದು ನಮ್ಮ ಬಚ್ಚಲಿನದು. ಮೂರು ಕಚ್ಚಿನದನ್ನು ಬಿದ್ದ ಶೀಟಿನಿಂದ ಆಗಲೇ, ಎಲ್ಲರ ಎದುರು ಅಪ್ಪ ಗರಗಸದಿಂದ ಕೊಯ್ದ. ಎಲ್ಲಿ ಕೊಯ್ಯಬೇಕೆಂದು ತೋರಿಸಿದವರು ಪ್ರಭಾ ಮೇಡಂ. ಎರಡು ಭಾಗಗಳ ಹಿಂದಿನ ಪೆನ್ಸಿಲ್ ನಂಬರನ್ನೂ ಅವರೇ ಗಟ್ಟಿಯಾಗಿ ಓದಿದರು.

ಹತ್ತೂ ಇಪ್ಪತ್ತಕ್ಕೆ ನೀರು ಕುದಿಯಿತು. ಮೂರನ್ನೂ ಬಿಟ್ಟೆ.

ವೆಂಕಟಗಿರಿ ನನ್ನ ಹತ್ತಿರ ಬಂದು ಬಗ್ಗಿದರು. ದನಿ ತಗ್ಗಿಸಿದರು. "ಏನ್ ಮಾಡ್ತಿದೀಯ ಗೊತ್ತಾ? ರಿಪೋರ್ಟ್‌ನಲ್ಲಿ ನಿನ್ನ ಸಹಿ ಇದೆ. ಒಳಗೆ ಹೋಗೋದು ನೀನೇ."

ನಾನು ದನಿ ತಗ್ಗಿಸಲಿಲ್ಲ. "ಗೊತ್ತು ಸಾರ್. ಅದನ್ನೇ ಬರೆದು ತಂದಿದೀನಿ. ಸ್ಯಾಂಪಲ್ ನಾನು ಆರಿಸಿಲ್ಲ, ನೀವು ಕೊಟ್ಟಿದ್ದನ್ನ ಕುದಿಸಿದೆ, ಗೊತ್ತಿದ್ದೂ ಸಹಿ ಹಾಕ್ದೆ. ಹದಿನೆಂಟು ಸಲ. ಒಂದು ಕಾಪಿ ಮೇಡಂ ಹತ್ರ ಇದೆ."

"ಈ ಕೂಲಿಯವನಿಗೋಸ್ಕರ?"

"ನನ್ನಪ್ಪ ಅವರು."

ಅವರ ಮುಖದಲ್ಲಿ ಏನೋ ಹೊಂದಿಕೊಳ್ಳದೆ ಹೋಯಿತು. ಬೆಟ್ಟಯ್ಯನಿಂದ ನನಗೆ, ನನ್ನಿಂದ ಬೆಟ್ಟಯ್ಯನಿಗೆ ಕಣ್ಣು ಹಾಯಿಸಿದರು. ಪ್ರತಿ ರಿಪೋರ್ಟಿನ ಕೆಳಗೆ ಬಿ. ಎಂಬ ಅಕ್ಷರವನ್ನು ಮೂರು ವರ್ಷ ನೋಡಿದ್ದವರು ಅವರು.

ಹನ್ನೊಂದರ ಹೊತ್ತಿಗೆ ನೀರು ಡಿಕಾಕ್ಷನ್ ಆಯಿತು. ಬಣ್ಣ ಬಿಟ್ಟಿತ್ತು. ಹನ್ನೆರಡಕ್ಕೆ ವಾಸನೆ ಎದ್ದಿತು. ಯೂರಿಯಾ ಅಂಟು ಒಡೆದರೆ ಬರುವ ವಾಸನೆ, ಕಣ್ಣಿಗೆ ಚುಚ್ಚುವಂಥದ್ದು. ಮೊದಲ ಸಾಲಿನವರು ಕಣ್ಣು ಒರೆಸಿಕೊಂಡರು. ಕುರ್ಚಿ ಹಿಂದಕ್ಕೆ ಸರಿಸಿದರು. ಅಪ್ಪ ಸರಿಯಲಿಲ್ಲ. ಹಿಂದಿನ ಭಾನುವಾರ ನಿಂತಿದ್ದ ಜಾಗದಲ್ಲೇ ನಿಂತಿದ್ದ. ಕುರ್ಚಿಯಲ್ಲಿದ್ದವರು ಕಣ್ಣೀರು ಹಾಕುವುದನ್ನು ನಾನು ನೋಡಿದೆ. ಅದು ರಸಾಯನದ್ದು, ಪಶ್ಚಾತ್ತಾಪದ್ದಲ್ಲ. ಆದರೂ ಹಿತವಾಯಿತು.

ಒಂದೂ ಇಪ್ಪತ್ತಕ್ಕೆ ಇಕ್ಕಳದಿಂದ ತೆಗೆದೆ. ಒಂದು ಕಚ್ಚಿನದು ಹಾಗೇ ಇತ್ತು. ಒಲೆಯ ಅಂಚಿಗೆ ಬಡಿದೆ, ಕಲ್ಲಿನ ಸದ್ದು ಬಂತು. ಎರಡು ಕಚ್ಚಿನದೂ ಮೂರು ಕಚ್ಚಿನದೂ ಮೂರು ಪಟ್ಟು ದಪ್ಪವಾಗಿದ್ದವು. ಎತ್ತುವಾಗಲೇ ಒಂದರ ಮೂಲೆ ಉದುರಿ ನೀರಿಗೆ ಬಿತ್ತು.

ತಣ್ಣಗಾದ ಮೇಲೆ ಮೂರು ಕಚ್ಚಿನದನ್ನು ವೆಂಕಟಗಿರಿಯ ಮುಂದೆ ಹಿಡಿದೆ. "ಬಿಡಿಸಿ ಸಾರ್. ಬೆರಳಲ್ಲೇ ಬರುತ್ತೆ."

ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಎದೆಗೆ ಹಿಡ್ಕೊಂಡು ನಿಂತ್ಕೊಳ್ಳಿ. ಫೋಟೋ ಬೇಕು, ಕಂಪ್ಲೇಂಟ್‌ಗೆ," ಎಂದೆ.

ಮಧ್ವೇಶ್ ಆಗಲೇ ಫೋನ್ ತೆಗೆದಿದ್ದರು. ಅವರಿಗೆ ಅಪ್ಪನ ಮೇಲೆ ಕರುಣೆ ಹುಟ್ಟಿರಲಿಲ್ಲ. ಈಗ ಕಂಪನಿಯನ್ನು ಹಿಡಿಯಬಹುದು ಎಂಬುದು ಹೊಳೆದಿತ್ತು. "ಹಿಡ್ಕೊಳ್ರೀ," ಎಂದು ಗದರಿದರು. ಎಲ್ಲ ಫೋನುಗಳೂ ಎದ್ದವು. ವೆಂಕಟಗಿರಿ ಹಿಡಿದುಕೊಂಡರು. ಕಂದು ನೀರು ಬಿಳಿ ಅಂಗಿಯ ಮೇಲೆ ಇಳಿಯಿತು.

"ಇನ್ನೂ ಮೇಲೆ," ಎಂದ ಮುನಿಯಣ್ಣ, ಗೇಟಿನ ಕಡೆಯಿಂದ.

ಮಧ್ವೇಶ್ ಅಪ್ಪನ ಹತ್ತಿರ ಬಂದರು. ದನಿಗೆ ಜೇನು ಸವರಿದ್ದರು. "ಬೆಟ್ಟಯ್ಯ, ಆಗಿದ್ದು ಆಯ್ತು. ಇನ್ನೂ ನಾನೂರ ಹನ್ನೊಂದು ಶೀಟು ಮೇಲಿವೆ. ಯಾವಾಗ ಬೀಳುತ್ತೋ ಗೊತ್ತಿಲ್ಲ. ಹೊಡೆದೋನು ನೀನೇ, ಬಿಚ್ಚೋಕೂ ನಿಂಗೇ ಸುಲಭ. ಬಿಚ್ಚಿಕೊಡು."

"ನನ್ ಕಾಗದ ಕೊಡಿ ಸಾರ್."

ಪ್ರಭಾ ಮೇಡಂ ಫೈಲಿನಿಂದ ಆ ಕಾಗದವನ್ನು ತೆಗೆದು ಅಪ್ಪನ ಕೈಗೇ ಕೊಟ್ಟರು. ಅಪ್ಪ ಅದನ್ನು ಒಂದು ಸಲ ಓದಿದ. ನಾಲ್ಕು ಸಲ ಹರಿದ. ಚೂರುಗಳನ್ನು ಕುದಿಯುವ ಪಾತ್ರೆಗೆ ಹಾಕಿದ.

"ಯಾವತ್ತಿಂದ ಶುರು ಮಾಡ್ತೀಯ?" ಎಂದರು ಮಧ್ವೇಶ್.

"ನಾನು ಬಿಚ್ಚಲ್ಲ ಸಾರ್."

"ಅಂದ್ರೆ?"

"ಅಂದ್ರೆ ಬಿಚ್ಚಲ್ಲ. ನಾಕು ತಿಂಗಳು ನಿಮ್ ಗೋಡೇಲಿ ನೇತಾಡ್ದೆ. ಒಂದು ಲೋಟ ನೀರು ಕೊಡ್ಲಿಲ್ಲ. ಇನ್ನು ಈ ಗೋಡೆಗೆ ಕೈ ಹಾಕಲ್ಲ. ಲಗ್ಗೆರೆ, ಬಾಪೂಜಿನಗರ, ಎಲ್ಲಾ ಕಡೆ ಹುಡುಗರಿಗೂ ಹೇಳಿದೀನಿ. ಅವ್ರೂ ಬರಲ್ಲ."

ಅದು ನಿಜವಾಗಿತ್ತು. ಜೂಲಾದ ಮೇಲೆ ಕೂರುವ ಕೆಲಸದವರು ಈ ಭಾಗದಲ್ಲಿ ನಲವತ್ತು ಜನ ಇರಬಹುದು. ಎಲ್ಲರಿಗೂ ಅಪ್ಪನ ಹಣೆಯ ಹೊಲಿಗೆ ಗೊತ್ತು. ಮೆತ್ತಗಾದ ಶೀಟನ್ನು ಎತ್ತರದಲ್ಲಿ ಬಿಚ್ಚುವುದು ಕೂರಿಸುವುದಕ್ಕಿಂತ ಅಪಾಯ ಎಂಬುದೂ ಗೊತ್ತು.

ಯಾರ ತಲೆಯ ಮೇಲೂ ಬೀಳಬಾರದು. ಆ ಗೋಡೆಯ ಕೆಳಗೆ ಮೊದಲು ಸಿಗುವುದು ಮುನಿಯಣ್ಣನ ತಲೆ. ಅದಕ್ಕೆ ನಾನು ಅಂದೇ ಅಳತೆ ಮಾಡಿದೆ. ಕಟ್ಟಡದ ಎತ್ತರ ಹದಿನಾಲ್ಕು ಮೀಟರ್. ಗಾಳಿಗೆ ಹಲಗೆ ತೇಲಿ ಬೀಳುತ್ತದೆ, ಎತ್ತರದ ಅರ್ಧದಷ್ಟು ದೂರ ಬಿಡಬೇಕು. ಗೋಡೆಯಿಂದ ಏಳು ಮೀಟರ್ ಒಳಗೆ ಯಾರೂ ಓಡಾಡಬಾರದು ಎಂದು ಬರೆದು, ಸಹಿ ಹಾಕಿ, ಪ್ರಭಾ ಮೇಡಂಗೆ ಕೊಟ್ಟೆ. ನನ್ನ ಸಹಿಗೆ ಬೆಲೆ ಬಂದ ಮೊದಲ ಕಾಗದ ಅದು. ಮುಂದಿನ ಗೇಟು ಗೋಡೆಯಿಂದ ಆರು ಮೀಟರ್‌ಗಿತ್ತು. ಅದು ನನಗೆ ಗೊತ್ತಿತ್ತು. ಅಳತೆಯಲ್ಲಿ ಒಂದು ಅಂಗುಲವನ್ನೂ ನಾನು ಕೂಡಿಸಿಲ್ಲ.

ಮುಂದಿನ ಗೇಟಿಗೆ ಬೀಗ ಬಿತ್ತು.

ನನ್ನ ಕೆಲಸ ಹೋಯಿತು. ನನ್ನ ಸಹಿಯ ಬಗ್ಗೆಯೂ ವಿಚಾರಣೆ ನಡೆಯುತ್ತಿದೆ, ನಡೆಯಲಿ. ವಜ್ರಪದರದ ಪ್ರೆಸ್ಸು ನಿಂತಿದೆ. ಆಗಸ್ಟಿನ ಒಂದು ಭಾನುವಾರ ಮುನಿಯಣ್ಣನನ್ನು ನೋಡಲು ಅಪ್ಪನೂ ನಾನೂ ಹೋದೆವು. ಅವನು ಈಗ ಹಿಂದಿನ ಗೇಟಿನ ಬಳಿ, ಕಸದ ಡಬ್ಬಗಳ ಪಕ್ಕ ಕೂರುತ್ತಾನೆ. ರಾತ್ರಿಯಿಡೀ ಮಳೆ ಸುರಿದಿತ್ತು.

"ಬೆಳಗ್ಗೆಯಿಂದ ಎರಡು ಬಿದ್ವು ಬೆಟ್ಟಣ್ಣ," ಎಂದ.

"ಯಾವ ಸಾಲು?"

"ಮೇಲಿಂದ ಎರಡನೇದು."

ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು ಅಂಗೈಯಲ್ಲಿ ಗುರುತು ಹಾಕಿಕೊಂಡ.

ಆಗ ಮಧ್ವೇಶ್ ಬಂದರು. ಎರಡೂ ಕೈಯಲ್ಲಿ ತರಕಾರಿ ಚೀಲ. ಕೊಚ್ಚೆಯಲ್ಲಿ ಕಾಲಿಡಲು ಜಾಗ ಹುಡುಕುತ್ತಿದ್ದರು. ನಮ್ಮನ್ನು ನೋಡಿ ನಿಂತರು. ತಿರುಗಿ ಹೋಗಲು ಬೇರೆ ದಾರಿ ಇರಲಿಲ್ಲ. ಮೇಲ್ಗಡೆ ಅದೇ 'ಕೆಲಸದವರಿಗೆ ಮಾತ್ರ' ಬೋರ್ಡು. ಅದನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ಅಪ್ಪ ಗೇಟಿನ ಪಕ್ಕಕ್ಕೆ ಒಂದು ಹೆಜ್ಜೆ ಸರಿದ. ಹಣೆಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿಕೊಂಡ.

"ಬನ್ನಿ ಸಾರ್. ಬಗ್ಗಿ ಬನ್ನಿ," ಎಂದ. "ಇನ್ನೂ ಸ್ವಲ್ಪ."

ಮಧ್ವೇಶ್ ಇನ್ನೂ ಸ್ವಲ್ಪ ಬಗ್ಗಿದರು.